ಗುಮ್ಮಟಗಳ ಇರ್ವಿನ್

ಜವಳಗೇರಾ, ಸಿಂಧನೂರು ಕಡೆಯ ಹಿರಿಯರು ಹೈದರಾಬಾದಿನ ಕಾಚಿಗೂಡ ನಿಲ್ದಾಣದಲ್ಲಿ ಕಂಡ ಗುಮ್ಮಟಗಳೂ, ಅವರ ಮೊಮ್ಮಕ್ಕಳು ದಸರೆಗೆ ಹೋಗಿ ಮೈಸೂರು ಅರಮನೆಯ ಮೇಲೆ ಕಾಣುವ ಗುಮ್ಮಟಗಳೂ ಒಂದೇ ಕುಲದವು. ಅವನ್ನು ರೂಪಿಸಿದ ವಾಸ್ತುಶಿಲ್ಪಿಗಳು ನಿಜಾಮರ ಊರಿನಲ್ಲಿ ವಿನ್ಸೆಂಟ್ ಎಶ್, ಒಡೆಯರ ಊರಿನಲ್ಲಿ ಹೆನ್ರಿ ಇರ್ವಿನ್. ಹಿಂದೂ, ಮುಸ್ಲಿಂ, ಗಾಥಿಕ್ ಅಂಶಗಳನ್ನು ಬೆರೆಸಿದ ಈ ರೀತಿಗೆ ಇಂಡೋ-ಸಾರ್ಸೆನಿಕ್ ಶೈಲಿ ಎನ್ನುತ್ತಾರೆ.

1841ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಇರ್ವಿನ್ ಬ್ರಿಟಿಷ್ ಸರ್ಕಾರದ ಲೋಕೋಪಯೋಗಿ ಇಲಾಖೆಯ ನೌಕರ. ಹಳೆಯ ಶೈಲಿಗಳಿಗೆ ಮರುಜೀವ ಕೊಡುವುದು ಆಗಿನ ಇಂಗ್ಲಿಷ್ ವಾಸ್ತುಶಿಲ್ಪಿಗಳ ಗೀಳು. ಶಿಮ್ಲಾದಲ್ಲಿ ಅವನು ವೈಸ್‌ರಾಯ್‌ಗೆಂದು ಕಟ್ಟಿದ, 1888ರಲ್ಲಿ ಮುಗಿದ ಬೂದುಗಲ್ಲಿನ ನಿವಾಸ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಸಿರಿವಂತರ ಮನೆಗಳನ್ನು ಹೋಲುತ್ತದೆ. ನಾಲ್ಕೇ ವರ್ಷಕ್ಕೆ ಮದರಾಸಿನಲ್ಲಿ ವೇಷ ಬದಲು: ಬ್ರಾಸಿಂಗ್‌ಟನ್ ಎಂಬ ವಾಸ್ತುಶಿಲ್ಪಿ ಮೊದಲು ಹಾಕಿದ್ದ ನಕ್ಷೆಯನ್ನು ತಿದ್ದಿ, ಕೆಂಪು ಇಟ್ಟಿಗೆಯ ಇಂಡೋ-ಸಾರ್ಸೆನಿಕ್ ಹೈಕೋರ್ಟನ್ನು 1892ರಲ್ಲಿ ಮುಗಿಸಿದ.

ಮೈಸೂರಿಗೆ ಅವನನ್ನು ಕರೆತಂದದ್ದು ಬೆಂಕಿ.

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿಗೆ ಮರದ ಹಳೆಯ ಅರಮನೆ ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು; ರಾಜಪ್ರತಿನಿಧಿಯಾಗಿದ್ದ ತಾಯಿ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ಕೆಲಸವನ್ನು ಇರ್ವಿನ್ನನಿಗೆ ಒಪ್ಪಿಸಿದರು. ಒಮ್ಮೆ ಸುಟ್ಟ ಮನೆಯವರು ಮರವನ್ನು ಮತ್ತೆ ನಂಬುವುದುಂಟೇ? ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಮೊದಲ ಮಣೆ ಸಿಕ್ಕಿತು. ಎಂಟು ಮೂಲೆಯ ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಮೇಲ್ಗಡೆ ಬಣ್ಣದ ಗಾಜಿನಲ್ಲಿ ನವಿಲುಗಳು.

ಸೋಮನಾಥಪುರದ ಹೊಯ್ಸಳ ಗುಡಿ ಕೂಗಳತೆಯಲ್ಲಲ್ಲದಿದ್ದರೂ ದೂರವೇನಲ್ಲ. ಅಂಥ ನಾಡಿನ ದೊರೆಗೆ ಮೊಗಲರ ಧಾಟಿಯ ಗುಮ್ಮಟ ಏಕೆ? ಹಿಂದುಸ್ತಾನದ ರಾಜರೆಂದರೆ ಹೀಗೆ ಕಾಣಬೇಕೆಂಬ ಕಲ್ಪನೆ ಬ್ರಿಟಿಷರ ತಲೆಯಲ್ಲಿ ಕೂತಿತ್ತು. ಆದರೆ ಒಳಗಿನ ಬದುಕು ಅದಕ್ಕೆ ಮಣಿಯಲಿಲ್ಲ. ದಸರೆಯ ಗೊಂಬೆಗಳಿಗೆ ಗೊಂಬೆತೊಟ್ಟಿ ಇದೆ, ಒಳಗೆ ಖಾಸಗಿ ದರ್ಬಾರಿಗೆ ಅಂಬಾವಿಲಾಸವಿದೆ; ದರ್ಬಾರಿನ ಸಜ್ಜೆ ಬಯಲಿನ ಜನರಿಗೆ ತೆರೆದುಕೊಂಡಿದೆ. ಈ ಅರಮನೆಯನ್ನು ಹೊರಗಿನಿಂದ ನೋಡಿದರೆ ಇರ್ವಿನ್ನನದು, ಒಳಗೆ ಕಾಲಿಟ್ಟರೆ ಮೈಸೂರಿನದು.

ಕೆಲಸ ಹದಿನೈದು ವರ್ಷ ನಡೆಯಿತು. ಕಾರ್ಯಪಾಲಕ ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು ಅದನ್ನು ನಿಂತು ಮಾಡಿಸಿದರು. ನಡುವೆ, 1908ರಲ್ಲಿ, ಇರ್ವಿನ್ ನಕ್ಷೆ ಹಾಕಿದ್ದ ಮದರಾಸಿನ ಎಗ್ಮೋರ್ ರೈಲು ನಿಲ್ದಾಣವೂ ತೆರೆಯಿತು. ಅರಮನೆ 1912ರಲ್ಲಿ ಮುಗಿದಾಗ ಲೆಕ್ಕದ ಪುಸ್ತಕದಲ್ಲಿದ್ದ ಖರ್ಚು 41,47,913 ರೂಪಾಯಿ.

ಆಮೇಲೆ ಗಾಳಿ ತಿರುಗಿತು. 1921ರಲ್ಲಿ ಮೈಸೂರಿನ ಇನ್ನೊಂದು ಅರಮನೆ ಲಲಿತಮಹಲಿಗೆ ಅಡಿಗಲ್ಲು ಹಾಕಿದಾಗ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್‌ಲಿ ಗುಮ್ಮಟಕ್ಕೆ ಮಾದರಿ ಹುಡುಕಿದ್ದು ದೆಹಲಿ, ಆಗ್ರಾಗಳಲ್ಲಲ್ಲ, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ.