ಹೆಸರಿಲ್ಲದವರ ಋಣ

ಮೈಸೂರಿನ ಮಂಡಿ ಮೊಹಲ್ಲದಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಒಂದು ಆಸ್ಪತ್ರೆಯನ್ನು ತೆರೆದರು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಸಾಧ್ವಿಯ ಸ್ಮಾರಕವಾದ ಅದನ್ನು ನಮ್ಮ ಜನರು ಮಿಷನ್ ಆಸ್ಪತ್ರೆಯೆಂದೇ ಕರೆದರು. ಪುರುಷವೈದ್ಯರ ಮುಂದೆ ಬರಲೊಲ್ಲದೆ ಪ್ರಸವವೇದನೆಯಲ್ಲಿ ನವೆಯುತ್ತಿದ್ದ ಹೆಂಗಸರಿಗೆ ಅಲ್ಲಿ ಆಶ್ರಯ ದೊರಕಿತು.

ಆ ಪುಣ್ಯವತಿಯ ಹೆಸರನ್ನು ಕಟ್ಟಡವೇ ಹೇಳುತ್ತದೆ. ಆದರೆ ಇರುಳೆಲ್ಲ ಎಚ್ಚರವಿದ್ದ ದಾದಿ, ರಕ್ತದ ಬಟ್ಟೆಗಳನ್ನೊಗೆದ ಅಗಸ, ಗಂಜಿ ಕಾಸಿದ ಅಡಿಗೆಯಾಕೆ, ನೆಲ ತೊಳೆದ ಆಳು, ಇವರ ಹೆಸರು ಯಾವ ಕಲ್ಲಿನ ಮೇಲಿದೆ?

ನಾವು ನಿಜವನ್ನೊಪ್ಪಿಕೊಳ್ಳಬೇಕು. ಅವರ ಕೈಯಿಂದಲೇ ಮಗುವನ್ನು ಪಡೆದೆವು. ಮನೆಗೆ ಬಂದೊಡನೆ ಮಿಂದು ಮೈಲಿಗೆ ಕಳೆದುಕೊಂಡೆವು. ದಾದಿಯರ ಸೇವೆಯನ್ನು ಬಾಯ್ತುಂಬ ಹೊಗಳಿದೆವು. ನಮ್ಮ ಮಗಳೇ ದಾದಿಯಾಗುವೆನೆಂದರೆ ಮುಖ ಸಿಂಡರಿಸಿದೆವು. ಇಂಥ ಹೊಗಳಿಕೆಯಿಂದ ಋಣ ಬೆಳೆಯುವುದೇ ಹೊರತು ತೀರುವುದಿಲ್ಲ.

ಕೃತಜ್ಞತೆಯು ಮಾತಿನಲ್ಲಿಯೇ ಮುಗಿಯತಕ್ಕದ್ದಲ್ಲ. ಅವರ ದುಡಿಮೆಗೆ ತಕ್ಕ ಸಂಬಳವೂ, ಅವರಿಗೆ ನಮ್ಮ ಮನೆಗಳಲ್ಲಿ ಸಮನಾದ ಮಣೆಯೂ ಸಲ್ಲಬೇಕು. ಇನ್ನೊಮ್ಮೆ ಆಸ್ಪತ್ರೆಗೆ ಹೋದಾಗ, ವೈದ್ಯರಿಗೆ ಕೈಮುಗಿದ ಬಳಿಕ, ನೆಲ ತೊಳೆಯುತ್ತಿರುವಾಕೆಯ ಹೆಸರೇನೆಂದು ಕೇಳೋಣ. ಋಣ ತೀರಿಸುವ ಕೆಲಸ ಅಲ್ಲಿಂದ ಮೊದಲಾಗಲಿ.