ಹಿಮ್ಮಡಿಯಲ್ಲಿ ಮೂಳೆ ಬೆಳೆದರೆ ಹೆದರಬೇಕೇ?



ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ ನೋವು. ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಕಡಿಮೆ. ಕೂತು ಎದ್ದರೆ ಮತ್ತೆ ಅದೇ ಕಥೆ. ನಮ್ಮ ಸಭೆಗಳಲ್ಲಿ ನಲವತ್ತು ದಾಟಿದ ಅಕ್ಕಂದಿರಿಂದ ನಾವು ಆಗಾಗ ಕೇಳುವ ಮಾತು ಇದು. ಎಕ್ಸ್‌ರೇ ತೆಗೆಸಿದರೆ "ಮೂಳೆ ಬೆಳೆದಿದೆ" ಅಂತಾರೆ. ಆಮೇಲೆ ಭಯ ಶುರು. ಆಪರೇಷನ್ ಬೇಕಾ? ಸಂಘದಿಂದ ಎಷ್ಟು ಸಾಲ ಸಿಗುತ್ತೆ? ಸಾಲದ ಅರ್ಜಿ ಬರೆಯುವ ಮೊದಲು ವಿಷಯ ತಿಳಿದುಕೊಳ್ಳೋಣ.

ಮೂಳೆ ಯಾಕೆ ಬೆಳೆಯುತ್ತದೆ?

ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿಯಾದ ನಾರಿನ ಪಟ್ಟಿ ಇದೆ. ಗಂಟೆಗಟ್ಟಲೆ ನಿಂತು ದುಡಿದರೆ, ಸಿಮೆಂಟು ನೆಲದಲ್ಲಿ ಬರಿಗಾಲಲ್ಲಿ ಓಡಾಡಿದರೆ, ಮೈತೂಕ ಹೆಚ್ಚಾದರೆ ಅದಕ್ಕೆ ಎಳೆತ ಬೀಳುತ್ತದೆ. ವರ್ಷಗಟ್ಟಲೆ ಹೀಗಾದಾಗ ಪಟ್ಟಿ ಅಂಟಿದ ಜಾಗದಲ್ಲಿ ಮೂಳೆ ಸ್ವಲ್ಪ ಚಾಚಿಕೊಳ್ಳುತ್ತದೆ. ಮಂಡಿ, ಕುತ್ತಿಗೆ, ಬೆನ್ನಿನಲ್ಲೂ ಕೀಲು ಸವೆದಾಗ ಹೀಗಾಗುವುದುಂಟು. ಇದು ಕ್ಯಾನ್ಸರ್ ಅಲ್ಲ.

ಮುಖ್ಯ ಮಾತು ಕೇಳಿ. ಹಿಮ್ಮಡಿ ನೋವಿಗೆ ಸಾಮಾನ್ಯವಾಗಿ ಕಾರಣ ಆ ಮೂಳೆಯಲ್ಲ, ಎಳೆತದಿಂದ ನೊಂದ ಪಟ್ಟಿ. ಸುಮಾರು 10 ಜನರಲ್ಲಿ ಒಬ್ಬರಿಗೆ ಹಿಮ್ಮಡಿಯಲ್ಲಿ ಮೂಳೆ ಬೆಳೆದಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಮೂಳೆ ಹಾಗೇ ಇದ್ದರೂ ನೋವು ಹೋಗುತ್ತದೆ.

ನಾವೇ ಮಾಡಬಹುದಾದದ್ದು

1. ಹಾಸಿಗೆಯಿಂದ ಏಳುವ ಮುಂಚೆ ಕಾಲು ನೀಡಿ ಕೂತು, ಪಾದದ ಮುಂಭಾಗಕ್ಕೆ ಟವೆಲ್ ಹಾಕಿ ನಮ್ಮ ಕಡೆಗೆ ಎಳೆಯುವುದು. 30 ಎಣಿಸಿ ಬಿಡುವುದು. ಹೀಗೆ ಮೂರು ಸಲ.
2. ಗೋಡೆಗೆ ಕೈ ಊರಿ, ನೋವಿನ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗುವುದು.
3. ಅಡುಗೆಮನೆಯಲ್ಲೂ ಮೆತ್ತನೆಯ ಚಪ್ಪಲಿ ಹಾಕುವುದು. ಒಳಗಿನ ಚಪ್ಪಲಿ ಬೇರೆ ಇಟ್ಟುಕೊಂಡರೆ ಯಾರೂ ಏನೂ ಅನ್ನುವುದಿಲ್ಲ.
4. ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುವುದು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಡಾಕ್ಟರನ್ನು ಕೇಳದೆ ಬಿಸಿ ಶಾಖ, ಐಸ್ ಎರಡೂ ಬೇಡ.

"ಮೂಳೆ ಬೆಳೆದಿದೆ, ಇನ್ನು ಹಾಲು, ರಾಗಿ ಬೇಡ" ಅಂತ ಕೆಲವರು ಬಿಟ್ಟುಬಿಡುತ್ತಾರೆ. ಇದು ತಪ್ಪು. ಊಟದ ಕ್ಯಾಲ್ಸಿಯಂನಿಂದ ಈ ಮೂಳೆ ಬೆಳೆಯುವುದಿಲ್ಲ. ಮುಟ್ಟು ನಿಂತ ಮೇಲೆ ನಮ್ಮ ಮೂಳೆಗಳಿಗೆ ಅದು ಇನ್ನಷ್ಟು ಬೇಕು.

ಚಿಕಿತ್ಸೆ ಹೇಗೆ?

ಇಂಥ ಸರಳ ಕ್ರಮಗಳಿಂದಲೇ 100 ಜನರಲ್ಲಿ ಸುಮಾರು 90 ಮಂದಿಗೆ 10 ತಿಂಗಳೊಳಗೆ ಗುಣವಾಗುತ್ತದೆ. ತಾಳ್ಮೆ ಬೇಕು ಅಷ್ಟೇ. ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ಕಾಲ ನೋವು ತಗ್ಗಿಸುತ್ತದೆ, ಆದರೆ ಪದೇ ಪದೇ ಹಾಕಿಸಿದರೆ ಪಟ್ಟಿಯೇ ಹರಿಯುವ ಅಪಾಯವಿದೆ. ಆಪರೇಷನ್ ಕೊನೆಯ ದಾರಿ. ಅದು ಬೇಕಾಗುವವರು ಬಹಳ ಕಡಿಮೆ.

ಯಾವಾಗ ತಡ ಮಾಡಬಾರದು?

ಪಾದ ಊದಿ ಕೆಂಪಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಕೈಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಕುತ್ತಿಗೆ, ಬೆನ್ನಿನ ತೊಂದರೆ ಇರುವವರಿಗೆ ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ. ಅಂಥ ಹೊತ್ತಿಗೆ ಸಂಘದ ಹಣ ಇರಲಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕಕ್ಕೆ ಕೂರುವ ಮೊದಲು ಎಲ್ಲರೂ ಗೋಡೆಗೆ ಕೈ ಊರಿ ಈ ವ್ಯಾಯಾಮ ಮಾಡೋಣ. ಐದು ನಿಮಿಷ ಸಾಕು.