ತಾಕೇ ಪಾಠಶಾಲೆ



ಚಾಮರಾಜನಗರದ ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದಾಗ ತಾಕುಗಳ ನಡುವೆ ನಡೆದು ನೋಡಿ. ಈ ತಾಕುಗಳು ಬಯಲು ಪಾಠಶಾಲೆ ಇದ್ದಂತೆ. ಆದರೆ ಅಲ್ಲಿ ಕಂಡದ್ದು ನಿಮ್ಮ ಮಣ್ಣಿಗೆ ಹೊಂದುವುದೇ ಎಂಬುದನ್ನು ನಿಮ್ಮ ಹೊಲದಲ್ಲೇ ಪರೀಕ್ಷಿಸಬೇಕು.

ಗುಂಡ್ಲುಪೇಟೆ ಕಡೆಯ ಅರಿಶಿನವನ್ನೇ ತೆಗೆದುಕೊಳ್ಳಿ. ನೀರು ನಿಂತರೆ ಗೆಡ್ಡೆ ಕೊಳೆತು, ಎಂಟೊಂಬತ್ತು ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ. ಎರಡು ಗುಂಟೆ ಮೀಸಲಿಡಿ. ಒಂದರಲ್ಲಿ ನಿಮ್ಮ ವಾಡಿಕೆಯ ಪದ್ಧತಿ, ಇನ್ನೊಂದರಲ್ಲಿ ಏರುಮಡಿ, ಬಸಿಗಾಲುವೆ. ಬಿತ್ತನೆ ಗೆಡ್ಡೆ, ಗೊಬ್ಬರ, ನಾಟಿಯ ದಿನ ಎರಡಕ್ಕೂ ಒಂದೇ ಇರಲಿ; ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಕೊಳೆತ ಬುಡಗಳನ್ನು ಎಣಿಸಿ, ಇಳುವರಿ ತೂಗಿ, ಬರೆದಿಡಿ. ನೆರೆಯವರನ್ನೂ ಶಾಲೆಯ ಮಕ್ಕಳನ್ನೂ ಕರೆದು ತೋರಿಸಿ.

ಎಕರೆಗಟ್ಟಲೆ ನಷ್ಟಕ್ಕಿಂತ ಎರಡು ಗುಂಟೆಯ ಪಾಠ ಅಗ್ಗ.